ಒಬ್ಬರ ಅಳತೆಯ ಕನ್ನಡಿ

ಕನ್ನಡಿಯಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದನ್ನು ಅವನು ಸಹಿ ಹಾಕುವಾಗ ಮಾತ್ರ ಬಳಸುತ್ತಿದ್ದ, ಅದೂ ಒಂದು ಗಳಿಗೆ ಯೋಚಿಸಿ. ಬಟ್ಟೆ ಅಂಗಡಿ, ಕ್ಷೌರದಂಗಡಿ, ಹೋಟೆಲಿನ ಕೈ ತೊಳೆಯುವ ಜಾಗ, ಆಸ್ಪತ್ರೆಯ ಲಿಫ್ಟು, ಎಲ್ಲೆಲ್ಲಿ ಜನ ನಿಂತು ತಲೆಗೂದಲು ಸರಿಮಾಡಿಕೊಂಡು ತಮ್ಮನ್ನು ತಾವೇ ಮೆಚ್ಚಿಕೊಳ್ಳುತ್ತಾರೋ ಅಲ್ಲೆಲ್ಲ ಗೋಡೆಗೆ ಗಾಜು ಕೂರಿಸಿದವನು ಅವನೇ. ಇಷ್ಟು ಕನ್ನಡಿಗಳ ಮುಂದೆ ಬದುಕು ಕಳೆದವನು ತನ್ನನ್ನು ತಾನು ನೋಡಿಕೊಂಡು ನೋಡಿಕೊಂಡು ಬೇಸತ್ತಿರಬೇಕು ಅಂತ ನೀವು ಅಂದುಕೊಂಡರೆ ನಿಮಗೆ ಆ ಕಸುಬು ಗೊತ್ತಿಲ್ಲ. ಕನ್ನಡಿ ಕೂರಿಸುವವನು ನೋಡುವುದು ಗಾಜನ್ನು. ಅಂಚು ಒಡೆದಿದೆಯೇ, ಗುಳ್ಳೆ ಇದೆಯೇ, ಮಟ್ಟ ಸರಿಯಿದೆಯೇ, ಬೆನ್ನಿನ ಬಣ್ಣ ಎದ್ದಿದೆಯೇ, ಇಷ್ಟೇ. ಒಳಗೆ ಯಾರು ನಿಂತಿದ್ದಾರೆ ಅನ್ನುವುದು ಗಿರಾಕಿಯ ತಲೆನೋವು.

ಹಾಗಾಗಿ ಐವತ್ತು ದಾಟುವವರೆಗೂ ಅವನು ತನ್ನನ್ನು ಸರಿಯಾಗಿ ನೋಡಿಕೊಂಡೇ ಇರಲಿಲ್ಲ. ಕ್ಷೌರಕ್ಕೆ ಎಷ್ಟು ಬೇಕೋ ಅಷ್ಟು ಮುಖ ನೋಡಿಕೊಂಡಿದ್ದ. ಕುತ್ತಿಗೆಯಿಂದ ಕೆಳಗಿನದೆಲ್ಲ ಮದುವೆಯ ಕಾಲದಲ್ಲಿ ಹೇಗಿತ್ತೋ ಹಾಗೇ ಇದೆ ಅನ್ನುವ ನಂಬಿಕೆಯ ಮೇಲೆ ಸಂಸಾರ ನಡೆದಿತ್ತು. ಪ್ಯಾಂಟುಗಳು ಆಗಾಗ ಬಿಗಿಯಾಗುತ್ತಿದ್ದವು. ಅದಕ್ಕೆ ಅವನು ಬಟ್ಟೆ ಒಗೆಯುವ ಸೋಪನ್ನು ಬೈಯುತ್ತಿದ್ದ.

ಗ್ರಹಚಾರ ಕೆಟ್ಟಿದ್ದು ಒಂದು ಬಟ್ಟೆ ಅಂಗಡಿಯ ಟ್ರಯಲ್ ರೂಮಿನಲ್ಲಿ. ಮೂರು ಗೋಡೆಗೂ ಮೂರು ಆಳೆತ್ತರದ ಕನ್ನಡಿ ಬೇಕು ಅಂದಿದ್ದ ಮಾಲೀಕ. ಒಳಗೆ ಫ್ಯಾನಿಲ್ಲ, ಕಿಟಕಿಯಿಲ್ಲ, ಬೆವರು ಕಿತ್ತು ಬರುತ್ತಿತ್ತು. ಕನ್ನಡಿಯಪ್ಪ ಶರಟು, ಬನಿಯನ್ನು ಎರಡನ್ನೂ ಕಳಚಿ ಮೊಳೆಗೆ ನೇತುಹಾಕಿ, ಬಗ್ಗಿ ಕೆಳಗಿನ ತಿರುಪು ಬಿಗಿಯುತ್ತಿದ್ದ. ತಲೆ ಎತ್ತಿದರೆ ಪಕ್ಕದ ಕನ್ನಡಿಯಲ್ಲಿ ಒಬ್ಬ ಗಂಡಸು ಬೆನ್ನು ತೋರಿಸಿಕೊಂಡು ಬಗ್ಗಿದ್ದಾನೆ. ನೆತ್ತಿಯ ಮೇಲೆ ತಟ್ಟೆಯಷ್ಟು ಬೋಳು, ಸೊಂಟದ ಎರಡೂ ಕಡೆ ಮಡಿಕೆ, ಕೆಳಗೆ ಜೋತುಬಿದ್ದ ಹೊಟ್ಟೆ.

“ರೀ ಸ್ವಾಮಿ, ಒಳಗೆ ಕೆಲಸ ನಡೀತಿದೆ, ಕಾಣಲ್ವಾ? ಸ್ವಲ್ಪ ಆಚೆ ಹೋಗಿ,” ಅಂದ ಕನ್ನಡಿಯಪ್ಪ, ತಿರುಪುಳಿ ಆಡಿಸಿ.

ಆ ಗಂಡಸೂ ತಿರುಪುಳಿ ಆಡಿಸಿದ.

ಅವನು ಎಷ್ಟು ಹೊತ್ತು ಹಾಗೇ ಗರ ಬಡಿದವನಂತೆ ನಿಂತಿದ್ದನೋ, ಮಾಲೀಕ ಬಂದು ಬಾಗಿಲು ಬಡಿದ. ಮೂರೂ ಕಡೆಯಿಂದ ಅದೇ ಮನುಷ್ಯ. ಎಡಕ್ಕೆ ತಿರುಗಿದರೆ ಬಲದ ಹೊಟ್ಟೆ ಕಾಣುತ್ತದೆ, ಬಲಕ್ಕೆ ತಿರುಗಿದರೆ ಎಡದ ಎದೆ ಕಾಣುತ್ತದೆ. ಆ ಎದೆಯಾದರೂ ಗಂಡಸಿನ ಎದೆಯ ಹಾಗೆ ಇರಬಾರದೇ? ಕನ್ನಡಿಯಪ್ಪ ಬನಿಯನ್ನು ಸಿಕ್ಕಿಸಿಕೊಂಡು, ಗಾಜಿನತ್ತ ನೋಡದೆ, ಉಳಿದ ತಿರುಪುಗಳನ್ನು ತಡಕಾಡಿ ಹಾಕಿ ಹೊರಬಿದ್ದ. ಆಮೇಲೆ ಅದರಲ್ಲಿ ಒಂದು ಕನ್ನಡಿ ವಾಲಿದೆ ಅಂತ ದೂರು ಬಂತು. ಅವನ ಕೈಯ ಕೆಲಸಕ್ಕೆ ಬಂದ ಮೊದಲ ದೂರು ಅದು.

ಈಗ ಅವನ ಹೆಂಡತಿಯ ವಿಷಯ ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ. ಆಕೆ ಈಜುಕೊಳದಲ್ಲಿ ಹೆಂಗಸರಿಗೆ ಈಜು ಕಲಿಸುವವಳು, ಊರಿಗೆಲ್ಲ ಈಜಕ್ಕ. ಗಂಡನಿಗಿಂತ ಒಂದು ಕೈ ದಪ್ಪವೇ. ತೊಡೆಯ ಮೇಲೆ ಹೆರಿಗೆ ಕಾಲದ ಗೆರೆಗಳು, ತೋಳು ಬೀಸಿದರೆ ಅದರ ಕೆಳಗಿನ ಮಾಂಸ ಆಮೇಲೆ ನಿಧಾನವಾಗಿ ಬೀಸುತ್ತದೆ. ಆದರೆ ಈಜಿನ ಉಡುಪು ಹಾಕಿಕೊಂಡು, ಕೊರಳಿಗೆ ಸೀಟಿ ನೇತುಹಾಕಿಕೊಂಡು ಆಕೆ ಕೊಳದ ದಂಡೆಯ ಮೇಲೆ ನಡೆದು ಬರುವುದನ್ನು ನೋಡಿದವರು, ಈ ಅಂಗಳವೇ ಆಕೆಯದು ಅಂದುಕೊಳ್ಳಬೇಕು.

ಹೊಸದಾಗಿ ಕಲಿಯಲು ಬರುವ ಹೆಂಗಸರಿಗೆ ನೀರಿನ ಭಯಕ್ಕಿಂತ ಟವೆಲ್ ಬಿಡುವ ಭಯ ಜಾಸ್ತಿ. ಯಾರೋ ನೋಡುತ್ತಾರೆ, ಏನೋ ಅಂದುಕೊಳ್ಳುತ್ತಾರೆ ಅಂತ ಸುತ್ತಿಕೊಂಡ ಟವೆಲನ್ನು ಎದೆಗೊತ್ತಿ ನಿಂತುಬಿಡುತ್ತಾರೆ. ಈಜಕ್ಕ ಅವರನ್ನು ಗದರುವುದಿಲ್ಲ, ಎಳೆಯುವುದಿಲ್ಲ. ತಾನು ಮೊದಲು ಇಳಿದು, ಅವರಿಗೆ ಬೆನ್ನು ಹಾಕಿ ನಿಲ್ಲುತ್ತಾಳೆ. “ನಾನು ತಿರುಗಿ ನಿಂತಿರ್ತೀನಿ ಕಣ್ರಮ್ಮ. ಕುತ್ತಿಗೆವರೆಗೂ ಇಳಿದ ಮೇಲೆ ಕರೀರಿ,” ಅನ್ನುತ್ತಾಳೆ. ಅದೆಷ್ಟು ಹೊತ್ತಾದರೂ ಸರಿ, ಕರೆಯುವವರೆಗೂ ತಿರುಗುವುದಿಲ್ಲ. ಇದು ಆಕೆಯ ಪದ್ಧತಿ. ಹೀಗೆ ಇಳಿಯದೆ ವಾಪಸು ಹೋದವರು ಯಾರೂ ಇಲ್ಲ.

ಇಂಥವಳ ಜೊತೆ ಕನ್ನಡಿಯಪ್ಪ ಸುಖವಾಗಿಯೇ ಇದ್ದ. ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಹಾಸಿಗೆಯಲ್ಲೂ ಸುಖವಾಗಿಯೇ ಇದ್ದ. ಮಗಳು ಓದಲು ಹಾಸ್ಟೆಲಿಗೆ ಹೋದ ಮೇಲಂತೂ ಇಬ್ಬರಿಗೂ ಎರಡನೇ ಪ್ರಾಯ ಬಂದ ಹಾಗಾಗಿತ್ತು. ಬಾಗಿಲು ಹಾಕುವ ಗೊಡವೆಯಿಲ್ಲ, ದೀಪ ಆರಿಸುವ ನೆನಪಿಲ್ಲ. ಭಾನುವಾರ ಮಧ್ಯಾಹ್ನ ಮನೆಗೆ ಹೋದ ನೆಂಟರು ಕರೆಗಂಟೆ ಒತ್ತಿ ಒತ್ತಿ ಸುಸ್ತಾಗಿ ವಾಪಸು ಬಂದದ್ದುಂಟು.

ಟ್ರಯಲ್ ರೂಮಿನ ಆ ಗಂಡಸು ಇದೆಲ್ಲದರ ಮಧ್ಯೆ ಬಂದು ಮಲಗಿಬಿಟ್ಟ. ಹೆಂಡತಿ ಹತ್ತಿರ ಬಂದರೆ ಕನ್ನಡಿಯಪ್ಪನಿಗೆ ಆಕೆ ಕಾಣುವುದಿಲ್ಲ, ಆಕೆಯ ಕಣ್ಣಿಗೆ ತಾನು ಹೇಗೆ ಕಾಣುತ್ತಿದ್ದೇನೆ ಅನ್ನುವುದೇ ಕಾಣುತ್ತದೆ. ಮೊದಲು ದೀಪ ಆರಿಸಿದ. ಆಮೇಲೆ ಬನಿಯನ್ನು ತೆಗೆಯುವುದನ್ನು ನಿಲ್ಲಿಸಿದ. ಆಮೇಲೆ ಶರಟು ಹಾಕಿಕೊಂಡೇ ಮಲಗಲು ಶುರುಮಾಡಿದ, ಅದೂ ಕಾಲರಿನ ಗುಂಡಿ ಸಮೇತ. ಅಪ್ಪಿಕೊಳ್ಳುವಾಗ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳುತ್ತಿದ್ದ. ಉಸಿರು ಬಿಗಿಹಿಡಿದು ಮಾಡುವ ಕೆಲಸಗಳು ಲೋಕದಲ್ಲಿ ಬೇಕಾದಷ್ಟಿವೆ, ಆದರೆ ಪ್ರೀತಿ ಮಾಡುವುದು ಅವುಗಳಲ್ಲಿ ಒಂದಲ್ಲ. ಒಂದು ಸಲ ಮನಸ್ಸೆಲ್ಲ ಹೊಟ್ಟೆಯ ಕಾವಲಿಗೆ ನಿಂತಿದ್ದಾಗ ಉಳಿದ ದೇಹ ಕೈಕೊಟ್ಟಿತು. ಹೆಂಡತಿ, “ಇರಲಿ ಬಿಡಿ, ಸುಸ್ತಾಗಿದ್ದೀರ,” ಅಂದಳು. ಆಕೆ ಹೇಳಿದ್ದು ಪ್ರೀತಿಯಿಂದ. ಕನ್ನಡಿಯಪ್ಪನಿಗೆ ಅದು ಶಾಸನ ಕೆತ್ತಿಸಿದ ಹಾಗೆ ಕೇಳಿಸಿತು. ಅಂದಿನಿಂದ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಏನಾಯಿತು ಅಂತ ಹೆಂಡತಿ ಕೇಳಿದಳು. “ಮಂಡಿ ನೋವು,” ಅಂದ. ಬಾಯಿಗೆ ಬಂದದ್ದು ಅದು.

ಆಕೆ ಬಿಡಬೇಕಲ್ಲ. ಡಾಕ್ಟರ ಹತ್ತಿರ ಅಟ್ಟಿದಳು. ಡಾಕ್ಟರಮ್ಮ ವಯಸ್ಸಾದವರು, ಒಳ್ಳೆಯವರು. ರಕ್ತ, ಸಕ್ಕರೆ, ಎದೆಬಡಿತ ಎಲ್ಲ ನೋಡಿ, “ಎಲ್ಲ ಚೆನ್ನಾಗಿದೆ. ಬೇರೆ ಏನಾದ್ರೂ ತೊಂದರೆ ಇದೆಯಾ? ಸಂಕೋಚ ಬೇಡ,” ಅಂತ ಕನ್ನಡಕ ಇಳಿಸಿ ಕೇಳಿದರು. ಬಾಗಿಲು ತೆರೆದೇ ಇತ್ತು, ಒಳಗೆ ಹೋಗುವುದಷ್ಟೇ ಬಾಕಿ. ಕನ್ನಡಿಯಪ್ಪ ಬಾಯಿ ತೆರೆದ, ಮುಚ್ಚಿದ, ತೆರೆದ, “ಎಡಗಡೆ ಮಂಡಿ ಜಾಸ್ತಿ,” ಅಂದ. ಮಂಡಿಯ ಮುಲಾಮಿನೊಂದಿಗೆ ಮನೆಗೆ ಬಂದ. ತಂದ ಮೇಲೆ ಹಚ್ಚದೆ ಇದ್ದರೆ ಹೆಂಡತಿಗೆ ಅನುಮಾನ ಬರುತ್ತದೆ ಅಂತ ದಿನವೂ ಹಚ್ಚಿಕೊಂಡ. ಮಲಗುವ ಮನೆಯಲ್ಲಿ ಆಟಗಾರರ ಕೋಣೆಯ ವಾಸನೆ ತುಂಬಿತು.

ಅವನಿಗೆ ಒಬ್ಬ ಗೆಳೆಯನಿದ್ದ, ಮೊಳೆ ಅಂಗಡಿಯವನು. ಕನ್ನಡಿಯಪ್ಪನ ತಿರುಪು, ಮೊಳೆ, ಅಂಟು ಎಲ್ಲ ಅವನಲ್ಲೇ. ಅವನ ಹೆಂಡತಿ ಈಜಕ್ಕನ ಹತ್ತಿರ ಈಜು ಕಲಿಯುತ್ತಿದ್ದಳು. ಒಂದು ದಿನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಕನ್ನಡಿಯಪ್ಪ ಗೆಳೆಯನ ಕಿವಿಯಲ್ಲಿ ಅರ್ಧ ವಿಷಯ ಹೇಳಿದ. ಹೊಟ್ಟೆಯ ಅರ್ಧ. ಹಾಸಿಗೆಯ ಅರ್ಧ ನುಂಗಿಕೊಂಡ.

“ಅಷ್ಟೇನಾ?” ಅಂದ ಮೊಳೆ ಅಂಗಡಿಯವನು. ಸುತ್ತ ನೋಡಿ ತನ್ನ ಶರಟು ಎತ್ತಿ ತೋರಿಸಿದ. ಎದೆಯ ಕೆಳಗಿಂದ ಸೊಂಟದವರೆಗೆ ಕಪ್ಪು ಬೆಲ್ಟು. “ಅಂಟುಪಟ್ಟಿ ಕಣಯ್ಯ, ಮಕ್ಕಳ ಶೂಗೆ ಇರುತ್ತಲ್ಲ, ಅಂಥದ್ದು. ಸುತ್ತಿ, ಎಳೆದು, ಅಂಟಿಸಿದ್ರೆ ಮುಗೀತು. ಹೊಟ್ಟೆ ಹೋಗಲ್ಲ, ಆದ್ರೆ ಹೋದ ಹಾಗೆ ಕಾಣುತ್ತೆ.”

“ಎಲ್ಲಿಗೆ ಹೋಗುತ್ತೆ?”

“ಮೇಲಕ್ಕೆ ಸ್ವಲ್ಪ, ಕೆಳಕ್ಕೆ ಸ್ವಲ್ಪ. ಅದನ್ನೆಲ್ಲ ಕೇಳಬಾರದು.”

ಕನ್ನಡಿಯಪ್ಪನೂ ಒಂದು ಬೆಲ್ಟು ತಂದ. ಶರಟಿನೊಳಗೆ ಹಗಲೆಲ್ಲ ಹಾಕಿಕೊಂಡ. ಏಣಿ ಹತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಆದರೂ ಅಂಗಡಿಯವರು ಯಾರೋ “ಇಳಿದುಬಿಟ್ಟಿದ್ದೀರಲ್ಲ,” ಅಂದಾಗ ಹಲ್ಲು ಕಿರಿದ. ಹಾಸಿಗೆಯಲ್ಲೂ ಅದನ್ನು ಹಾಕಿಕೊಂಡೇ ಇರೋಣ, ಧೈರ್ಯ ಬಂದರೆ ಹೆಂಡತಿಯ ಕಡೆ ತಿರುಗೋಣ ಅಂದುಕೊಂಡ. ಧೈರ್ಯ ಬರುವ ಮೊದಲು ಉಸಿರು ಕಟ್ಟಿತು. ಕತ್ತಲಲ್ಲಿ ಮೆಲ್ಲಗೆ ತೆಗೆಯಲು ಹೋದರೆ ಆ ಅಂಟುಪಟ್ಟಿ ಮೆಲ್ಲಗೆ ಬಿಡುವ ಜಾತಿಯದಲ್ಲ. ಚರ್‍ರ್‍ರ್ ಅಂತ ಮನೆಯೆಲ್ಲ ಕೇಳುವ ಹಾಗೆ ಕಿತ್ತುಬಂತು.

“ಅದೇನು ಹರೀತು?” ಅಂದಳು ಹೆಂಡತಿ ಎದ್ದು ಕೂತು.

“ದಿಂಬು,” ಅಂದ ಕನ್ನಡಿಯಪ್ಪ. ಬೆಳಿಗ್ಗೆ ಎದ್ದು, ಚೆನ್ನಾಗಿದ್ದ ದಿಂಬನ್ನು ಸ್ವಲ್ಪ ಹರಿದಿಟ್ಟ.

ರಾತ್ರಿಗೆ ಬೆಲ್ಟು ಕೈಕೊಟ್ಟ ಮೇಲೆ ಅವನಿಗೆ ತನ್ನ ಕಸುಬಿನ ನೆನಪಾಯಿತು. ಬಟ್ಟೆ ಅಂಗಡಿಯವರಿಗೆ ಕನ್ನಡಿ ಕೂರಿಸುವವರಲ್ಲಿ ಒಂದು ಗುಟ್ಟಿದೆ. ತೆಳ್ಳನೆಯ ಗಾಜು ತೆಗೆದುಕೊಂಡು, ಅದರ ಬೆನ್ನಿಗೆ ನಟ್ಟನಡುವೆ ಮೇಲಿಂದ ಕೆಳಗೆ ಒಂದು ರಟ್ಟಿನ ಪಟ್ಟಿ ಇಡಬೇಕು. ಆಮೇಲೆ ಎರಡೂ ಅಂಚುಗಳ ತಿರುಪನ್ನು ಬಿಗಿಯಬೇಕು. ಗಾಜು ನಡುವೆ ಕಣ್ಣಿಗೆ ಕಾಣದಷ್ಟು ಉಬ್ಬುತ್ತದೆ, ಮುಂದೆ ನಿಂತವರು ಎರಡೂ ಕಡೆಯಿಂದ ಒತ್ತಿದ ಹಾಗೆ ಸಣ್ಣಗೆ ಕಾಣುತ್ತಾರೆ. ಅಂಗಡಿಯಲ್ಲಿ ಅಷ್ಟು ಚೆಂದ ಕಂಡ ಬಟ್ಟೆ ಮನೆಯಲ್ಲಿ ಯಾಕೆ ಹಾಗೆ ಕಾಣುವುದಿಲ್ಲ ಅಂತ ಜನ ತಲೆ ಕೆಡಿಸಿಕೊಳ್ಳುವುದು ಇದಕ್ಕೇ. ಈ ಗುಟ್ಟನ್ನು ಅವನು ಹೇಳಿದ್ದು ಒಬ್ಬಳಿಗೆ ಮಾತ್ರ, ಮದುವೆಯಾದ ಹೊಸದರಲ್ಲಿ ಹೆಂಡತಿಗೆ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು. ಅಂದಿನಿಂದ ಈಜಕ್ಕ ಬಟ್ಟೆ ಕೊಳ್ಳಲು ಹೋದರೆ ಮೊದಲು ಕನ್ನಡಿಯ ಅಂಚಿಗೆ ಕೆನ್ನೆಯಿಟ್ಟು ಉದ್ದಕ್ಕೂ ಕಣ್ಣು ಹಾಯಿಸಿ ಉಬ್ಬು ಹಿಡಿಯುವಳು, ಆಮೇಲೆ ಬಟ್ಟೆ ನೋಡುವಳು.

ಇಷ್ಟು ಗೊತ್ತಿದ್ದೂ ಕನ್ನಡಿಯಪ್ಪ ಆ ಕೆಲಸ ಮಾಡಿದ. ಗಂಡಸಿನ ಬುದ್ಧಿ ನಾಚಿಕೆಯ ಕೈಗೆ ಸಿಕ್ಕರೆ ಎಲ್ಲಿ ಬೇಕಾದರೂ ಹೋಗಿ ಬೀಳುತ್ತದೆ. ಮಲಗುವ ಮನೆಯ ಹಳೆಯ ಕನ್ನಡಿಗೆ ಕಪ್ಪು ಮಚ್ಚೆ ಬಂದಿತ್ತು, ಹೊಸದು ಹಾಕಿ ಅಂತ ಹೆಂಡತಿ ಹೇಳಿ ಹೇಳಿ ಸುಮ್ಮನಾಗಿದ್ದಳು. ಒಂದು ಮಧ್ಯಾಹ್ನ ಆಕೆ ಕೊಳಕ್ಕೆ ಹೋದಾಗ ಅಳತೆ ತೆಗೆದು, ಗಾಜು ಕೊಯ್ದು, ಗೋಡೆ ಕೊರೆದು ಆಳೆತ್ತರದ ಕನ್ನಡಿ ಕೂರಿಸಿದ. ಅಂಗಡಿಗಳಿಗೆ ಒಂದು ಪಟ್ಟಿ ಇಡುತ್ತಿದ್ದವನು ಮನೆಗೆ ಎರಡು ಇಟ್ಟ. ಸ್ವಂತ ಮನೆಯಲ್ಲವೇ.

ಶರಟು ತೆಗೆದು ಮುಂದೆ ನಿಂತ. ಆಹಾ! ಟ್ರಯಲ್ ರೂಮಿನ ಗಂಡಸು ಸತ್ತೇಹೋಗಿದ್ದ. ಇಲ್ಲಿದ್ದವನು ನೀಳವಾದ, ಸ್ವಲ್ಪ ಗಂಭೀರನಾದ, ಬೇಕಾದರೆ ಮದುವೆ ಮಾಡಿಕೊಡಬಹುದಾದ ಆಸಾಮಿ. ಪಕ್ಕಕ್ಕೆ ತಿರುಗಿ ನೋಡಿದ, ಭುಜ ಎತ್ತಿ ನೋಡಿದ, ಕೊನೆಗೆ ಒಂದು ಸಣ್ಣ ಸಿಳ್ಳೆ ಹೊಡೆದ. ದಿನಾ ಬೆಳಿಗ್ಗೆ ಸಂಜೆ ಇವನನ್ನು ನೋಡಿಕೊಂಡರೆ ಸಾಕು, ಸುಳ್ಳೋ ನಿಜವೋ ಮನಸ್ಸು ನಂಬುತ್ತದೆ, ಮನಸ್ಸು ನಂಬಿದರೆ ಉಳಿದದ್ದೂ ನಂಬುತ್ತದೆ ಅಂತ ಲೆಕ್ಕ ಹಾಕಿದ. ಹೆಂಡತಿಯೂ ಅದೇ ಕೋಣೆಯಲ್ಲಿ ಇರುತ್ತಾಳೆ ಅನ್ನುವುದು ಆ ಲೆಕ್ಕದಲ್ಲಿ ಬರಲೇ ಇಲ್ಲ.

ಸಂಜೆ ಈಜಕ್ಕ ಒದ್ದೆ ಕೂದಲು ಒರೆಸಿಕೊಳ್ಳುತ್ತಾ ಒಳಗೆ ಬಂದಳು. “ಅಯ್ಯೋ, ಅಂತೂ ಹಾಕಿದ್ರಲ್ಲ!” ಅಂತ ಚೀಲ ಎಸೆದು ಕನ್ನಡಿಯ ಮುಂದೆ ನಿಂತಳು. ನಗುತ್ತಿದ್ದವಳು ನಿಧಾನವಾಗಿ ನಗು ನಿಲ್ಲಿಸಿದಳು. ಪಕ್ಕಕ್ಕೆ ತಿರುಗಿ ನೋಡಿದಳು. ಆಮೇಲೆ ಗೋಡೆಗೆ ಹತ್ತಿರ ಹೋಗಿ, ಕನ್ನಡಿಯ ಅಂಚಿಗೆ ಕೆನ್ನೆಯಿಟ್ಟು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದಳು.

“ಇದು ಬಟ್ಟೆ ಅಂಗಡಿ ಕನ್ನಡಿ.”

“ಇಲ್ಲ ಇಲ್ಲ, ಹೊಸ ಗಾಜು. ಮೊದಮೊದಲು ಹಾಗೇ ಇರುತ್ತೆ.”

“ನನಗೇ ಹೇಳ್ತೀರಾ?”

“ಅಂದ್ರೆ... ಗಿರಾಕಿದು. ಇಲ್ಲಿ ಸುಮ್ನೆ ಇಟ್ಟಿದ್ದೆ.”

“ಗೋಡೆ ಕೊರೆದು, ತಿರುಪು ಬಿಗಿದು, ಸುಮ್ನೆ ಇಟ್ರಾ?” ಆಕೆಯ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. “ದಪ್ಪ ಆಗಿದ್ದೀನಿ ಅಂತ ನೆಟ್ಟಗೆ ಹೇಳಿದ್ರೆ ಆಗ್ತಿತ್ತು. ಅದಕ್ಕೇನಾ ಇಷ್ಟು ದಿನ ಗೋಡೆ ಕಡೆ ಮುಖ? ಅದಕ್ಕೇನಾ ದೀಪ ಆರಿಸೋದು, ಮಂಡಿ ನೋವು? ಹಾಗೇ ನೋಡೋಕಾಗಲ್ಲ, ಕನ್ನಡೀಲಿ ಸಣ್ಣ ಮಾಡ್ಕೊಂಡಾದ್ರೂ ನೋಡೋಣ ಅಂತ?”

ಇಲ್ಲ, ಇದು ನಿನಗಲ್ಲ, ನನಗೆ ಅಂತ ಹೇಳಿದರೆ ಮುಗಿಯಿತು. ಹೇಳಬೇಕಾದರೆ ಹೊಟ್ಟೆಯನ್ನು ಹೇಳಬೇಕು, ಬೆಲ್ಟನ್ನು ಹೇಳಬೇಕು, ದೇಹ ಕೈಕೊಟ್ಟಿದ್ದು ಯಾಕೆ ಅನ್ನುವುದನ್ನೂ ಹೇಳಬೇಕು. ಕನ್ನಡಿಯಪ್ಪ ಪೆಚ್ಚುಮೋರೆ ಹಾಕಿಕೊಂಡು ನಿಂತ. ಆ ಮೌನ ಆಕೆಗೆ ಹೌದು ಅಂದ ಹಾಗೆ ಕೇಳಿಸಿತು. ಹರಿದ ದಿಂಬನ್ನು ಅವನಿಗೆ ಬಿಟ್ಟು, ಚೆನ್ನಾಗಿದ್ದದ್ದನ್ನು ಕಂಕುಳಲ್ಲಿ ಇಟ್ಟುಕೊಂಡು ಮಗಳ ಕೋಣೆಗೆ ಹೋದಳು.

ಮುಂದಿನ ದಿನಗಳಲ್ಲಿ ಜಗಳವೇನೂ ಆಗಲಿಲ್ಲ. ಕಾಫಿ ಬರುತ್ತಿತ್ತು, ಊಟ ಬರುತ್ತಿತ್ತು, “ಉಪ್ಪು ಸಾಕಾ?” ಅನ್ನುವ ಮಾತೂ ಬರುತ್ತಿತ್ತು. ಆದರೆ ಬಟ್ಟೆ ಬದಲಿಸುವಾಗ ಹೆಂಡತಿ ಬಾಗಿಲಿಗೆ ಚಿಲಕ ಹಾಕಲು ಶುರುಮಾಡಿದಳು. ಸ್ನಾನ ಮುಗಿಸಿ ಹಾಗೇ ಹೊರಬಂದು “ಟವೆಲ್ ಎಲ್ರೀ?” ಅಂತ ಮನೆಯೆಲ್ಲ ಓಡಾಡುತ್ತಿದ್ದವಳು! ಆ ಚಿಲಕದ ಸದ್ದು ಕೇಳಿದಾಗಲೆಲ್ಲ ಕನ್ನಡಿಯಪ್ಪನ ಎದೆಗೆ ಯಾರೋ ತಿರುಪು ಬಿಗಿದ ಹಾಗಾಗುತ್ತಿತ್ತು.

ಅವನು ಮತ್ತೆ ಮೊಳೆ ಅಂಗಡಿಗೆ ಹೋದ.

“ಕನ್ನಡಿ ತೆಗೆದುಬಿಡ್ಲಾ?”

“ತೆಗೆದ್ರೆ ತಪ್ಪು ಒಪ್ಪಿಕೊಂಡ ಹಾಗೆ.”

“ಇಟ್ರೆ?”

“ಇಟ್ರೆ ದಿನಾ ಒಪ್ಪಿಕೊಂಡ ಹಾಗೆ,” ಅಂದ ಗೆಳೆಯ, ಮೊಳೆ ತೂಗುತ್ತಾ. ಆಮೇಲೆ ಏನೋ ನೆನಪಾದವನಂತೆ, “ಅಲ್ಲಯ್ಯ, ನಿನ್ನ ಹೆಂಡತಿಗೆ ಮೈ ಸರಿಯಿಲ್ವಾ? ನಮ್ಮವಳು ಹೇಳ್ತಿದ್ಲು. ಈಜಕ್ಕ ಈಗ ಟವೆಲ್ ಸುತ್ಕೊಂಡು ದಂಡೆಗೆ ಬರ್ತಾರಂತೆ. ಎಲ್ಲರಿಗಿಂತ ಮೊದಲೇ ನೀರಿಗಿಳಿದು ಎಲ್ಲರೂ ಹೋದ ಮೇಲೇ ಮೇಲೆ ಬರ್ತಾರಂತೆ,” ಅಂದ.

ಕನ್ನಡಿಯಪ್ಪ ಅಲ್ಲೇ ಡಬ್ಬಿಯ ಮೇಲೆ ಕುಳಿತುಬಿಟ್ಟ. ಅವನಿಗೆ ಅತ್ತುಬಿಡುವಷ್ಟು ದುಃಖವಾಯಿತು. ತನ್ನ ನಾಚಿಕೆ ತನ್ನ ಹೊಟ್ಟೆಯ ಜೊತೆ ತನ್ನ ಶರಟಿನೊಳಗೇ ಇದೆ ಅಂದುಕೊಂಡಿದ್ದ. ಅದು ಹೋಗಿ, ಇಡೀ ಊರಿನ ಹೆಂಗಸರಿಗೆ ಟವೆಲ್ ಬಿಡಿಸಿದವಳ ಮೈಗೆ ಟವೆಲ್ ಸುತ್ತಿತ್ತು.

ಅಲ್ಲಿಂದ ಎದ್ದವನು ನೇರವಾಗಿ ಬಟ್ಟೆ ಅಂಗಡಿಗೆ ಹೋಗಿ, ಈಜಿನ ಚಡ್ಡಿ ಕೇಳಿದ. “ಟ್ರಯಲ್ ಮಾಡ್ತೀರಾ ಸಾರ್?” ಅಂದ ಅಂಗಡಿಯವನನ್ನು ಕೊಲ್ಲುವ ಹಾಗೆ ನೋಡಿದ.

ಕೊಳದಲ್ಲಿ ಹೆಂಗಸರ ಪಾಳಿ ಮುಗಿದು ಹಿರಿಯ ಗಂಡಸರ ಪಾಳಿ ಶುರುವಾಗುವ ಮುಂಚೆ ಸ್ವಲ್ಪ ಬಿಡುವಿರುತ್ತದೆ. ಕನ್ನಡಿಯಪ್ಪ ಒಳಗೆ ಹೋದಾಗ ಈಜಕ್ಕ ಎದೆಮಟ್ಟದ ನೀರಿನಲ್ಲಿ ಒಬ್ಬಳೇ ನಿಂತು, ತೇಲುತ್ತಿದ್ದ ಹಲಗೆಗಳನ್ನು ಒಟ್ಟುಮಾಡುತ್ತಿದ್ದಳು. ಮೇಲಿನ ಗಾಜಿನ ಸೂರಿನಿಂದ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುತ್ತಿತ್ತು. ಅಂಥ ಬೆಳಕನ್ನು ಯಾವ ಬಟ್ಟೆ ಅಂಗಡಿಯವನೂ ಟ್ರಯಲ್ ರೂಮಿಗೆ ಬಿಡುವುದಿಲ್ಲ. ಮದುವೆಯಾದಾಗಿನಿಂದ ಹೆಂಡತಿ ಕರೆದಾಗಲೆಲ್ಲ ಒಂದಲ್ಲ ಒಂದು ನೆಪ ಹೇಳಿ ತಪ್ಪಿಸಿಕೊಂಡಿದ್ದ ಜಾಗವಿದು.

ಕೆಳಗೆ ಹೊಸ ಚಡ್ಡಿ, ಮೇಲೆ ಪೂರ್ತಿ ಗುಂಡಿ ಹಾಕಿದ ಶರಟು. ಈಜಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಮಂಡಿ ನೋವಿಗೆ ಈಜೋಕೆ ಬಂದ್ರಾ?”

“ನಿನ್ನ ಹತ್ರ ಮಾತಾಡ್ಬೇಕು.”

“ಮಾತಾಡೋದಿದ್ರೆ ಇಳಿದು ಬನ್ನಿ. ಶರಟು ಹಾಕ್ಕೊಂಡು ಇಳಿಯೋ ಹಾಗಿಲ್ಲ, ಅದು ಇಲ್ಲಿನ ರೂಲು.” ಸಿಟ್ಟಿನಲ್ಲೇ ಅಂದಳು. ಆದರೆ ಅವನ ಕೈ ಮೇಲಿನ ಗುಂಡಿಯ ಹತ್ತಿರ ಹೋಗಿ ನಿಂತದ್ದನ್ನು ಕಂಡು ಯಾಕೋ ದನಿ ತಗ್ಗಿತು. ಹೊಸಬರಿಗೆ ಹೇಳುವ ಹಾಗೇ ಹೇಳಿದಳು: “ನಾನು ತಿರುಗಿ ನಿಂತಿರ್ತೀನಿ. ಕುತ್ತಿಗೆವರೆಗೂ ಇಳಿದ ಮೇಲೆ ಕರೀರಿ.” ಹೇಳಿ ಅವನಿಗೆ ಬೆನ್ನು ಹಾಕಿದಳು.

ಕನ್ನಡಿಯಪ್ಪ ಗುಂಡಿಗಳನ್ನು ಬಿಚ್ಚಿದ. ಶರಟು ಕಳಚಿದ. ಕೊನೆಗೆ ಉಳಿದದ್ದು ಬೆಲ್ಟು. ಅದಕ್ಕೆ ಕೈಹಾಕಿ ಎಳೆದ. ಚರ್‍ರ್‍ರ್! ಮುಚ್ಚಿದ ಸೂರಿನ ಕೆಳಗೆ ಅದು ನಾಲ್ಕು ಗೋಡೆಗೂ ಬಡಿದು ನಾಲ್ಕು ಸಲ ಹರಿಯಿತು.

ಹೆಂಡತಿ ತಿರುಗಲಿಲ್ಲ. ಪದ್ಧತಿ ಅಂದರೆ ಪದ್ಧತಿ. ಆದರೆ ಬೆನ್ನು ನೆಟ್ಟಗಾಯಿತು.

“ಅದೇನು ಹರೀತು?”

“ತಿರುಗು.”

“ಇಳಿದ್ರಾ?”

“ಇಲ್ಲ. ತಿರುಗು.”

ಆಕೆ ತಿರುಗಿದಳು. ದಂಡೆಯ ಮೇಲೆ, ಅಷ್ಟು ಬಿಸಿಲಿನಲ್ಲಿ, ಅವಳ ಗಂಡ ಹೊಟ್ಟೆ ಬಿಟ್ಟುಕೊಂಡು ನಿಂತಿದ್ದ. ಎದೆಯಿಂದ ಸೊಂಟದವರೆಗೆ ಬೆಲ್ಟು ಒತ್ತಿದ ಕೆಂಪು ಬರೆಗಳು. ಕೈಯಲ್ಲಿ ಬೆಲ್ಟು ಸತ್ತ ಹಾವಿನ ಹಾಗೆ ಜೋತಾಡುತ್ತಿತ್ತು.

“ಆ ಕನ್ನಡಿ ನಿನಗಲ್ಲ, ನನಗೆ,” ಅಂದ ಕನ್ನಡಿಯಪ್ಪ. ಒಮ್ಮೆ ಶುರುವಾದ ಮೇಲೆ ಮಾತು ನಿಲ್ಲಲಿಲ್ಲ. “ಹೀಗಿದ್ದೀನಿ ಅಂತ ನನಗೆ ಗೊತ್ತೇ ಇರಲಿಲ್ಲ ಕಣೇ. ಟ್ರಯಲ್ ರೂಮಲ್ಲಿ ನೋಡ್ದೆ. ಯಾರೋ ಗಿರಾಕಿ ಅಂತ ಆಚೆ ಹೋಗು ಅಂದೆ. ಆಮೇಲೆ ನೀನು ಹತ್ರ ಬಂದ್ರೆ, ಇವಳು ಈ ಆಸಾಮೀನ ಹೇಗೆ ಸಹಿಸ್ಕೋತಾಳೆ ಅಂತ ಅದೇ ಯೋಚನೆ. ಆ ದಿನ ಆಗಲಿಲ್ವಲ್ಲ, ಅದು ನಿನ್ನಿಂದ ಅಲ್ಲ. ಹೊಟ್ಟೆ ಒಳಗೆ ಎಳ್ಕೊಂಡಿದ್ದೆ. ಉಸಿರು ಬಿಟ್ರೆ ಹೊಟ್ಟೆ ಬರುತ್ತೆ, ಬಿಡದೆ ಇದ್ರೆ ಇನ್ನೇನೂ ಬರಲ್ಲ. ಮಂಡಿ ಚೆನ್ನಾಗಿದೆ. ದಿಂಬು ಹರಿದಿದ್ದೂ ನಾನೇ.”

ಈಜಕ್ಕ ಮೊದಲು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಆಮೇಲೆ ತಡೆಯಲಾರದೆ ನಕ್ಕಳು. ನಗುತ್ತಾ ನಗುತ್ತಾ ಯಾವಾಗ ಅಳಲು ಶುರುಮಾಡಿದಳೋ ಅವಳಿಗೇ ಗೊತ್ತಾಗಲಿಲ್ಲ.

“ಹೊಟ್ಟೆ ಇದೆ ಅಂತ ನನಗೆ ಗೊತ್ತಿರಲಿಲ್ವೇನ್ರೀ? ಇಷ್ಟು ವರ್ಷದಿಂದ ಅದರ ಮೇಲೆ ಕೈ ಇಟ್ಕೊಂಡೇ ಅಲ್ವಾ ನಿದ್ದೆ ಮಾಡಿದ್ದು? ನೀವು ಶರಟು ಹಾಕ್ಕೊಂಡ ಮೇಲೆ ಆ ಗುಂಡಿ ಒತ್ತಿ ನಿದ್ದೇನೇ ಇಲ್ಲ.” ಮುಖಕ್ಕೆ ನೀರು ಎರಚಿಕೊಂಡಳು. “ಊರಿನ ಹೆಂಗಸರಿಗೆಲ್ಲ ಧೈರ್ಯ ಹೇಳ್ತೀನಿ ನಾನು. ಆ ಧೈರ್ಯ ಎಲ್ಲಿಂದ ಬರ್ತಿತ್ತು ಅಂದ್ಕೊಂಡಿದ್ದೀರ? ನಾನು ಹೇಗಿದ್ರೂ ಸೈ ಅನ್ನೋರು ಮನೇಲಿ ಒಬ್ಬರಿದ್ದಾರೆ ಅಂತ. ನೀವೇ ಗೋಡೆ ಕಡೆ ತಿರುಗಿದ್ರೆ ನನಗೆ ಯಾರು ಧೈರ್ಯ ಹೇಳ್ಬೇಕು?”

ಅಷ್ಟರಲ್ಲಿ ಬಾಗಿಲು ತೆರೆದು ಹಿರಿಯ ಗಂಡಸರ ಪಾಳಿ ಒಳನುಗ್ಗಿತು. ಕಡ್ಡಿಯಂಥವರು, ಪಿಪಾಯಿಯಂಥವರು, ಎದೆಯ ಮೇಲೆ ಆಪರೇಷನ್ನಿನ ಹೊಲಿಗೆಯವರು, ಹಲ್ಲಿನ ಸೆಟ್ಟು ಡಬ್ಬಿಯಲ್ಲಿಟ್ಟು ಬಂದವರು. ಯಾರ ಮೈಯಲ್ಲೂ ನಾಚಿಕೆಗೆ ಜಾಗ ಉಳಿದಿರಲಿಲ್ಲ. ಅವರಲ್ಲೊಬ್ಬ ಅಜ್ಜ ಕನ್ನಡಿಯಪ್ಪನ ಹೊಟ್ಟೆಯನ್ನು ಕಣ್ಣೆತ್ತಿಯೂ ನೋಡದೆ ಬೆನ್ನಿಗೆ ತಟ್ಟಿ, “ಹೊಸಬರಾ? ಇಳೀರಿ ಮೊದಲು. ದಾರಿಗಡ್ಡ ನಿಂತಿದ್ದೀರ, ನಮಗೆ ಚಳಿ ಆಗುತ್ತೆ,” ಅಂದ.

ಕನ್ನಡಿಯಪ್ಪ ಇಳಿದ. ಮೆಟ್ಟಿಲ ಮೇಲೆ ಇಳಿಯಬೇಕಾದ್ದನ್ನು ದಂಡೆಯಿಂದಲೇ ಇಳಿದ. ಎದ್ದ ನೀರು ಈಜಕ್ಕನ ಕಣ್ಣೀರನ್ನೂ ತೊಳೆದುಕೊಂಡು ಹೋಯಿತು. ಪಾಳಿ ಮುಗಿದ ಮೇಲೆ ಆಕೆ ಟವೆಲನ್ನು ಭುಜದ ಮೇಲೆ ಎಸೆದುಕೊಂಡು, ದಂಡೆಯುದ್ದಕ್ಕೂ ನಡೆದು ಹೋದಳು. ಹಿಂದೆ ಹೋಗುತ್ತಿದ್ದ ಗಂಡ ಕಣ್ತುಂಬ ನೋಡಿದ.

ಒಂದೇ ದಿನಕ್ಕೆ ಎಲ್ಲ ಮೊದಲಿನಂತಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ದೇಹ ಕೆಲವು ದಿನ ಮಾತು ಕೇಳುತ್ತದೆ, ಕೆಲವು ದಿನ ಕೇಳುವುದಿಲ್ಲ. ಕೇಳದ ದಿನ ಈಜಕ್ಕ “ಎಡಗಡೆ ಮಂಡಿನಾ?” ಅನ್ನುತ್ತಾಳೆ, ಇಬ್ಬರೂ ನಗುತ್ತಾರೆ, ಆಕೆ ಕೈಯನ್ನು ಅದರ ಹಳೆಯ ಜಾಗದಲ್ಲಿ ಇಟ್ಟುಕೊಂಡು ನಿದ್ದೆ ಮಾಡುತ್ತಾಳೆ. ಹಾಗೆ ನಗಲು ಶುರುವಾದ ಮೇಲೆ ಕೇಳದ ದಿನಗಳೇ ಕಡಿಮೆಯಾದವು.

ಆದರೆ ಕೊಳದಿಂದ ಬಂದ ಆ ಸಂಜೆ ಮೊದಲು ಆಗಬೇಕಾದ ಕೆಲಸ ಬೇರೆ ಇತ್ತು. ಕನ್ನಡಿಯಪ್ಪ ತಿರುಪು ಸಡಿಲಿಸಿ, ಕನ್ನಡಿಯ ಬೆನ್ನಿನ ಎರಡೂ ಪಟ್ಟಿಗಳನ್ನು ಎಳೆದು ತೆಗೆದು, ಗಾಜನ್ನು ಸಮವಾಗಿ ಕೂರಿಸಿದ. ಹೆಂಡತಿ ಅಂಚಿಗೆ ಕೆನ್ನೆಯಿಟ್ಟು ಪರೀಕ್ಷೆ ಮಾಡಿ, “ಈಗ ಸರಿ,” ಅಂದಳು. ಇಬ್ಬರೂ ಅಕ್ಕಪಕ್ಕ ನಿಂತರು. ಕನ್ನಡಿಯಲ್ಲಿ ಅವಳ ಮುಕ್ಕಾಲು ಕಂಡಿತು, ಅವನ ಅರ್ಧ ಕಂಡಿತು. ಸರಿದು ನಿಂತರು, ಒತ್ತಿ ನಿಂತರು, ಏನು ಮಾಡಿದರೂ ಒಬ್ಬರಲ್ಲ ಒಬ್ಬರು ಹೊರಗೆ ಉಳಿದರು.

“ಒಂದು ಪಟ್ಟಿ ಇಟ್ರೆ ಇಬ್ರೂ ಹಿಡಿಸ್ತೀವಿ,” ಅಂದ ಕನ್ನಡಿಯಪ್ಪ ಮೆಲ್ಲಗೆ.

“ಪಟ್ಟಿ ಏನೂ ಬೇಡ,” ಅಂದಳು ಹೆಂಡತಿ. “ಅಳತೆ ತಗೊಳ್ಳೋವಾಗ್ಲೇ ನೀವು ಒಬ್ಬರಿಗೆ ತಗೊಂಡಿದ್ದೀರ. ಇನ್ನೊಂದು ಸಲ ತಗೊಳ್ಳಿ.”

ಅವನು ಟೇಪು ತರಲು ಹೊರಟ. ಆಕೆ ಅವನ ಕೈ ಹಿಡಿದು ನಿಲ್ಲಿಸಿ, “ಈಗಲ್ಲ, ನಾಳೆ,” ಅಂದಳು. ಹೊರಗೆ ಕತ್ತಲಾಗುತ್ತಿತ್ತು, ದೀಪ ಹಾಕಿದವನು ಕನ್ನಡಿಯಪ್ಪನೇ.